ಅಳಿಯ ಅಳಿಸಿದ ಆಟ

‘ಎರಡೂ ಒಂದೇ’ ಎಂಬ ಮಾತು ಯಾವತ್ತು ನನ್ನ ಬಾಯಿಂದ ಹೊರಬೀಳುತ್ತದೋ, ಅವತ್ತು ಈ ಮೀಸೆ ನನ್ನ ಮುಖದ ಮೇಲೆ ಇರುವುದಿಲ್ಲ!

ಹೀಗೆಂದು ನಾನು ಘೋರ ಶಪಥ ಮಾಡಿದ್ದು ರಣರಂಗದಲ್ಲಲ್ಲ, ಬಚ್ಚಲುಮನೆಯ ಕನ್ನಡಿಯ ಮುಂದೆ, ಬಾಯ್ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು. ನೊರೆಯ ದೆಸೆಯಿಂದ ಶಪಥ ಹೊರಗಿದ್ದವರಿಗೆ ಬರೀ ಬುಳುಬುಳು ಎಂದು ಕೇಳಿಸಿತಂತೆ. ಶಪಥ ಮಾಡಿಯೂ ಯಾರಿಗೂ ಕೇಳಿಸದಿದ್ದರೆ ಏನು ಬಂತು ಭಾಗ್ಯ! ಬಾಯಿ ಮುಕ್ಕಳಿಸಿ, ಊಟದ ಮೇಜಿನ ಹತ್ತಿರ ಬಂದು, ಮೀಸೆಯ ಎರಡೂ ತುದಿ ತಿರುವಿ, ಇನ್ನೊಮ್ಮೆ ಮಾಡಿದೆ.

“‘ಎರಡೂ ಒಂದೇ’ ಅನ್ನೋ ಮಾತು ನನ್ನ ಬಾಯಿಂದ ಬಂದ ದಿನ ಈ ಮೀಸೆ ಇರಲ್ಲ! ಗೊತ್ತಾಯ್ತಾ?”

ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. “ಗೊತ್ತಾಯ್ತು. ಮೊದಲು ಆ ಮೀಸೆಗೆ ಅಂಟಿರೋ ಪೇಸ್ಟ್ ಒರೆಸ್ಕೊಳ್ರೀ,” ಅಂದಳು.

ವಿಷಯ ಇಷ್ಟೇ. ನಮ್ಮ ಮನೆಯಲ್ಲಿ ಒಂದು ವಿಡಿಯೋ ಗೇಮ್ ಯಂತ್ರ ಇದೆ. ಟಿವಿಗೆ ಸಿಕ್ಕಿಸಿದರೆ ಗೋಡೆ ತುಂಬ ಕಾಣುತ್ತದೆ, ಬಿಡಿಸಿಕೊಂಡರೆ ಅದರ ಪುಟ್ಟ ಪರದೆಯಲ್ಲೇ ಕೈಯಲ್ಲಿ ಹಿಡಿದು ಆಡಬಹುದು. ಅದರಲ್ಲಿ ಎರಡು ಆಟ. ಒಂದು ನನ್ನದು, ಒಂದು ಅವಳದು. ಎರಡೂ ಈ ‘ಓಪನ್ ವರ್ಲ್ಡ್’ ಕುಲಕ್ಕೆ ಸೇರಿದವು. ಅಂದರೆ ಲೋಕವೆಲ್ಲ ತೆರೆದೇ ಇರುತ್ತದೆ. ಎಲ್ಲಿಗೆ ಬೇಕಾದರೂ ಹೋಗಿ, ಯಾರ ಮನೆಗೆ ಬೇಕಾದರೂ ನುಗ್ಗಿ, ಅವರ ಮಡಕೆ ಒಡೆದು ಒಳಗಿದ್ದದ್ದನ್ನು ಜೇಬಿಗೆ ಹಾಕಿಕೊಳ್ಳಿ, ಕೇಳುವವರೇ ಇಲ್ಲ. ನಡುವೆ ಪುರುಸೊತ್ತಾದರೆ ಲೋಕವನ್ನು ಉಳಿಸಿ.

ನನ್ನ ಆಟದ ನಾಯಕನಿಗೆ ನಾನು ನನ್ನದೇ ಮೀಸೆ ಇಟ್ಟಿದ್ದೇನೆ. ಅವಳ ಆಟದ ನಾಯಕಿಗೆ ಮೊಣಕಾಲು ಮುಟ್ಟುವ ಜಡೆ. ಹಾಗಾಗಿ ಮನೆಯಲ್ಲಿ ಅವರ ಹೆಸರು ‘ಮೀಸೆಯವನು’ ಮತ್ತು ‘ಜಡೆಯವಳು’. ಈ ನಾಮಕರಣ ಮಾಡಿದ್ದು ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ. ಮಂಡಿನೋವಿನ ಚಿಕಿತ್ಸೆಗೆಂದು ಬಂದು ನಮ್ಮ ಸೋಫಾದ ಬಲಮೂಲೆಯಲ್ಲಿ ಕಾಲು ನೀಡಿ ಕೂತವರು, ಎರಡು ಆಟವನ್ನೂ ಎವೆಯಿಕ್ಕದೆ ನೋಡುತ್ತಾರೆ. ಕೈಗಳು ಬಟಾಣಿ ಬಿಡಿಸುತ್ತಿರುತ್ತವೆ, ಕಣ್ಣು ಟಿವಿ ಬಿಡುವುದಿಲ್ಲ.

ಇನ್ನು ಜಗಳ. ಹೆಂಡತಿಯ ತೀರ್ಪು ಏನೆಂದರೆ, ನನ್ನ ಆಟ ಅವಳ ಆಟದ ನಕಲು. ಎರಡೂ ಒಂದೇ. ನನ್ನ ವಾದ: ಆಕಾಶಕ್ಕೂ ಭೂಮಿಗೂ ಇರುವಷ್ಟು ವ್ಯತ್ಯಾಸ!

ಈ ವಿಷಯದಲ್ಲಿ ನನ್ನ ಮಾತಿಗೆ ತೂಕ ಇದೆ, ಯಾಕೆಂದರೆ ನಾನು ಮುದ್ರಣಾಲಯದಲ್ಲಿ ಪ್ರೂಫ್ ನೋಡುವವನು. ಒಂದೇ ಥರ ಕಾಣುವ ಎರಡರ ನಡುವೆ ಕೂದಲೆಳೆಯ ವ್ಯತ್ಯಾಸ ಹಿಡಿಯುವುದೇ ನನ್ನ ಅನ್ನ. ಒಂದಕ್ಷರ ಅತ್ತಿತ್ತ ಆದರೆ ಲೋಕವೇ ತಲೆಕೆಳಗಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಕಳೆದ ತಿಂಗಳು ಪೀಠೋಪಕರಣದ ಅಂಗಡಿಯ ಜಾಹೀರಾತಿನಲ್ಲಿ ‘ಗಟ್ಟಿಮುಟ್ಟಾದ ಮಂಚಗಳು ನಿಮ್ಮ ಮನೆಬಾಗಿಲಿಗೆ’ ಎಂಬುದು ‘ಗಟ್ಟಿಮುಟ್ಟಾದ ಮಂಗಗಳು ನಿಮ್ಮ ಮನೆಬಾಗಿಲಿಗೆ’ ಎಂದು ಅಚ್ಚಾಗಿ ಹೋದದ್ದು ನಿಜ. ಅದು ಶಾಯಿಯ ದೋಷ. ಕಣ್ಣಿನದಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನನ್ನ ಹೆಂಡತಿ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ದಿನವಿಡೀ ಊರವರ ಕಣ್ಣು ಪರೀಕ್ಷೆ ಮಾಡಿ ಸಾಲದೆ ಮನೆಗೆ ಬಂದು ನನ್ನ ಕಣ್ಣಿನ ಮೇಲೆ ಕಣ್ಣಿಡುತ್ತಾಳೆ.

“ರೀ, ನಿಮಗೆ ಓದೋಕೆ ಕನ್ನಡಕ ಬೇಕು.”

“ಪ್ರೂಫ್ ನೋಡೋನಿಗೆ ಕನ್ನಡಕಾನಾ? ಮೀನಿಗೆ ಈಜು ಕಲಿಸ್ತೀಯಾ?”

“ಮೀನು ಪೇಪರನ್ನ ಅಷ್ಟು ದೂರ ಹಿಡ್ಕೊಂಡು ಓದಲ್ಲ.”

ಇಂಥವಳ ಜೊತೆ ವಾದ ಮಾಡುವುದು ಅಂದರೆ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ, ಮತ್ತೆ ಗೋಡೆಯೂ ತಿರುಗಿ ಹೊಡೆಯುತ್ತದೆ. ಆದರೂ ಆ ಶನಿವಾರ ಬೆಳಿಗ್ಗೆ ನಾನು ಸೊಂಟ ಕಟ್ಟಿ ನಿಂತೆ.

“ಕೇಳು. ನನ್ನ ಆಟದಲ್ಲಿ ಅಣ್ಣ ಕಳೆದುಹೋದ ತಂಗಿಯನ್ನ ಹುಡುಕ್ತಾನೆ. ನಿನ್ನ ಆಟದಲ್ಲಿ ತಂಗಿ ಕಳೆದುಹೋದ ಅಣ್ಣನ್ನ ಹುಡುಕ್ತಾಳೆ. ಪೂರ್ತಿ ಉಲ್ಟಾ!”

“ಉಲ್ಟಾ ಮಾಡಿದ ತಕ್ಷಣ ಬನಿಯನ್ ಬೇರೆ ಆಗ್ಬಿಡುತ್ತಾ? ನಿನ್ನೆ ಉಲ್ಟಾ ಹಾಕ್ಕೊಂಡು ಹೋಗಿದ್ರಲ್ಲ, ಅದೂ ನಿಮ್ಮದೇ ಬನಿಯನ್ನು.”

“ಹೋಗ್ಲಿ. ನಾನು ಗೋಪುರ ಹತ್ತಿದ್ರೆ ನಕ್ಷೆ ಬಿಚ್ಕೊಳ್ಳುತ್ತೆ. ನೀನು ಹತ್ತೋದು ಮರ. ಗೋಪುರಕ್ಕೂ ಮರಕ್ಕೂ ವ್ಯತ್ಯಾಸ ಇಲ್ವಾ?”

“ಬಿದ್ರೆ ಎರಡರಲ್ಲೂ ಸೊಂಟ ಮುರಿಯುತ್ತೆ.”

“ನನ್ನ ಲೋಕ ಮುಳುಗ್ತಾ ಇದೆ! ನಿನ್ನ ಲೋಕ ಉರೀತಾ ಇದೆ! ನೀರು ಮತ್ತೆ ಬೆಂಕಿ! ಇದಕ್ಕಿಂತ ವ್ಯತ್ಯಾಸ ಬೇಕಾ?”

“ಲೋಕ ಮುಳುಗ್ತಾ ಇರೋವಾಗ ನೀವು ಮಾಡೋದೇನು? ಯಾವುದೋ ಮುದುಕಿ ಕಳ್ಕೊಂಡಿರೋ ಕೋಳಿ ಹುಡುಕಿ ಕೊಡೋದು. ನಾನೂ ಅದನ್ನೇ ಮಾಡ್ತೀನಿ.”

“ನಂದು ಕೋಳಿ ಅಲ್ಲ, ಬಾತುಕೋಳಿ!”

“ಬಾತುಕೋಳೀಲೂ ಕೋಳಿ ಇದೆಯಲ್ಲ!”

ನಾನು ಕೊನೆಯ ಬಾಣ ಬಿಟ್ಟೆ. “ಸರಿ. ನನ್ನ ಆಟದಲ್ಲಿ ಜನಕ್ಕೆ ಕಣ್ಣಿದೆ. ಹೊಸ ಅಂಗಿ ಹಾಕಿದ್ರೆ, ‘ಅಂಗಿ ಚೆನ್ನಾಗಿದೆ’ ಅಂತಾರೆ. ಗಡ್ಡ ಬಿಟ್ರೆ, ‘ಯಾಕಪ್ಪ ಗಡ್ಡ’ ಅಂತಾರೆ. ನಿನ್ನ ಆಟದಲ್ಲಿ ಜಡೆಯವಳು ತಲೆ ಮೇಲೆ ಪಾತ್ರೆ ಕವುಚಿಕೊಂಡು ಹೋದ್ರೂ ಯಾರೂ ಕೇಳಲ್ಲ!”

ಹೆಂಡತಿ ಒಂದು ಕ್ಷಣ ಯೋಚಿಸಿದಳು. “ಅದೊಂದು ನಿಜ,” ಅಂದಳು. ನನ್ನ ಎದೆ ಉಬ್ಬಿತು. ಓದುಗ ಮಹಾಶಯರು ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಅಷ್ಟರಲ್ಲಿ ಸೋಫಾದ ಮೂಲೆಯಿಂದ ಅತ್ತೆ ಬಾಯಿ ಹಾಕಿದರು. “ಅಲ್ಲಾ, ನೀವಿಬ್ರೂ ಇಷ್ಟು ಜಗಳ ಆಡೋ ಬದಲು ಅವರಿಬ್ಬರನ್ನ ಒಂದು ಕಡೆ ಸೇರಿಸ್ಬಾರ್ದಾ? ಅವನು ಮಧ್ಯಾಹ್ನ ಬಂದು ತಂಗೀನ ಹುಡುಕ್ತಾನೆ. ಅವಳು ಸಂಜೆ ಬಂದು ಅಣ್ಣನ್ನ ಹುಡುಕ್ತಾಳೆ. ಒಂದು ದಿನ ಅಲ್ಲೇ ಕೂತು ಕಾಯೋ ಮಾರಾಯ ಅಂತ ಆ ಮೀಸೆಯವನಿಗೆ ಹೇಳಿದ್ರೆ ಮುಗೀತಪ್ಪ!”

ನಾವಿಬ್ಬರೂ ಬಾಯಿ ತೆರೆದು ಅವರನ್ನೇ ನೋಡಿದೆವು. ಅತ್ತೆ ಇಷ್ಟು ದಿನ ಎರಡು ಆಟವನ್ನೂ ಒಂದೇ ಧಾರಾವಾಹಿ ಅಂದುಕೊಂಡು ನೋಡುತ್ತಿದ್ದರು!

“ಅಮ್ಮಾ, ಅದು ಬೇರೆ ಆಟ, ಇದು ಬೇರೆ ಆಟ,” ಎಂದ ಹೆಂಡತಿ ತಕ್ಷಣ ನಾಲಿಗೆ ಕಚ್ಚಿಕೊಂಡಳು.

“ಕೇಳಿದ್ರಾ! ಕೇಳಿದ್ರಾ! ಅವಳ ಬಾಯಿಂದಲೇ ಬಂತು!” ಎಂದು ನಾನು ಕುಣಿದೆ.

“ಬೇರೆ ಅಂತೆ ಬೇರೆ! ನನಗೇನು ಕಣ್ಣಿಲ್ವಾ? ನಾಡಿದ್ದು ಮಗನ ಮನೆಗೆ ಹೊರಡೋಳು ನಾನು. ಅಷ್ಟರೊಳಗೆ ಆ ಅಣ್ಣ-ತಂಗಿ ಒಂದಾಗೋದನ್ನ ಕಣ್ಣಾರೆ ನೋಡ್ಬೇಕು. ಇಲ್ಲದಿದ್ರೆ ಅಲ್ಲಿ ಹೋಗಿ ನನಗೆ ನಿದ್ದೆ ಬರಲ್ಲ,” ಅಂದರು ಅತ್ತೆ.

ಇದು ಆಗದ ಮಾತೇನೂ ಆಗಿರಲಿಲ್ಲ. ನಾನೂ ಹೆಂಡತಿಯೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಕೊನೆಯ ಅಧ್ಯಾಯಕ್ಕೆ ಬಂದು ನಿಂತಿದ್ದೆವು. ನನ್ನ ಮೀಸೆಯವನು ಕೊನೆಯ ಕೋಟೆಯ ಬಾಗಿಲಲ್ಲಿ. ಅವಳ ಜಡೆಯವಳು ಕೊನೆಯ ಅರಮನೆಯ ಬಾಗಿಲಲ್ಲಿ. ಆದರೆ ಹಿಂದಿನ ದಿನ ಯಂತ್ರ ಮುಷ್ಕರ ಹೂಡಿತ್ತು. ಜಾಗ ತುಂಬಿದೆ, ಏನಾದರೂ ತೆಗೆಯಿರಿ ಎಂದು ಪರದೆಯ ಮೇಲೆ ಬರೆದುಕೊಂಡು ಕೂತಿತ್ತು. ಈ ಜಗಳಕ್ಕೆ ಬೆಂಕಿ ಬಿದ್ದದ್ದೇ ಅಲ್ಲಿಂದ.

“ಎರಡೂ ಒಂದೇ ಆದ್ಮೇಲೆ ಎರಡು ಯಾಕೆ? ನಿಮ್ಮದನ್ನ ತೆಗೆದುಬಿಡಿ. ಸಂಜೆ ನಾನು ಬಂದು ಕೊನೇ ಅಧ್ಯಾಯ ಆಡ್ತೀನಿ, ಅಮ್ಮನೂ ನೋಡ್ತಾರೆ,” ಅಂದಳು ಹೆಂಡತಿ, ಚಪ್ಪಲಿ ಮೆಟ್ಟುತ್ತಾ.

ನಾನು ಎದೆ ತಟ್ಟಿಕೊಂಡೆ. “ಯಾವುದನ್ನೂ ತೆಗೆಯೋದು ಬೇಡ! ಒಂದು ಮೆಮೊರಿ ಕಾರ್ಡ್ ತಂದು ಹಾಕ್ತೀನಿ, ನಿನ್ನ ಆಟವನ್ನ ಅದಕ್ಕೆ ಸಾಗಿಸ್ತೀನಿ. ಸಂಜೆ ನೀನು ಬರೋಷ್ಟರಲ್ಲಿ ಎರಡೂ ಲೋಕ ಸುರಕ್ಷಿತ. ನಿನ್ನ ಗಂಡ ಯಾರು ಅಂದ್ಕೊಂಡೆ?”

“ಅದೇ ಭಯ,” ಅಂದಳು. ಆಮೇಲೆ ಬಾಗಿಲಲ್ಲಿ ನಿಂತು, ಮೆತ್ತಗಿನ ದನಿಯಲ್ಲಿ, “ಹುಷಾರು ರೀ. ತುಂಬ ದಿನದಿಂದ ಆಡಿದ್ದೀನಿ,” ಅಂದಳು.

ಅದು ನನಗೂ ಗೊತ್ತಿತ್ತು. ದಿನವಿಡೀ ನಿಂತುಕೊಂಡೇ ಬೇರೆಯವರ ಕಣ್ಣಿಗೆ ಲೋಕ ಸ್ಪಷ್ಟ ಮಾಡಿ ಕೊಟ್ಟು, ಸಂಜೆ ಬಂದು ಕಾಲು ಮಡಚಿ ಕೂತು, ತನ್ನ ಪಾಡಿಗೆ ತಾನು ಒಂದಿಷ್ಟು ಹೊತ್ತು ಕಾಡಿನಲ್ಲಿ ಕುದುರೆ ಓಡಿಸುತ್ತಿದ್ದಳು. ಅವಳಿಗೆ ಇದ್ದ ಸುಖ ಅದೊಂದೇ. ಉಳಿದದ್ದು ನಾನು.

ಕಾರ್ಡು ತಂದೆ. ಹಾಕಿದೆ. ಅತ್ತೆ ಟಿವಿಯಲ್ಲಿ ಸುದ್ದಿ ನೋಡುತ್ತಿದ್ದ ಕಾರಣ ಯಂತ್ರವನ್ನು ಬಿಡಿಸಿಕೊಂಡು, ಅಡುಗೆಮನೆಯ ಕಟ್ಟೆಗೆ ಒರಗಿ, ಪುಟ್ಟ ಪರದೆಯ ಮೇಲೆ ಕೆಲಸ ಶುರುಮಾಡಿದೆ. ಯಂತ್ರದ ಭಾಷೆಯನ್ನು ನಮ್ಮ ಭಾಷೆಗೆ ಬದಲಾಯಿಸಿದ ಕೀರ್ತಿಯೂ ನನ್ನದೇ. ಹೆಂಡತಿಯ ಆಟವನ್ನು ಆರಿಸಿದೆ. ಎರಡು ಗುಂಡಿ ಮೂಡಿದವು. ಒಂದರ ಮೇಲೆ ‘ಉಳಿಸು’. ಇನ್ನೊಂದರ ಮೇಲೆ ಇನ್ನೇನೋ. ನಾನು ‘ಉಳಿಸು’ ಒತ್ತಿದೆ.

‘ಖಚಿತವೇ?’ ಎಂದು ಕೇಳಿತು ಯಂತ್ರ. ಎಂಥ ವಿನಯ! ‘ಹೌದು’ ಅಂದೆ. ಅದಕ್ಕೆ ಸಮಾಧಾನವಾಗಲಿಲ್ಲ. ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಇನ್ನೊಂದು ವಾಕ್ಯ ಬರೆದು, ಮತ್ತೆ ‘ಖಚಿತವೇ?’ ಅಂದಿತು. ನಮ್ಮ ಆಫೀಸಿನಲ್ಲಿ ಇಷ್ಟು ಜವಾಬ್ದಾರಿಯವರು ಒಬ್ಬರೂ ಇಲ್ಲ ಅಂದುಕೊಂಡು, ಆ ವಾಕ್ಯ ಓದುವ ಗೋಜಿಗೆ ಹೋಗದೆ, ‘ಹೌದಪ್ಪಾ ಹೌದು’ ಎಂದು ಒತ್ತಿದೆ. ಚಕ್ಕನೆ ಕೆಲಸ ಮುಗಿಯಿತು. ಯಂತ್ರದಲ್ಲಿ ಎಷ್ಟು ಜಾಗ ಆಯಿತು ಅಂತೀರಿ! ಮೈದಾನ! ನನಗೆ ನನ್ನ ಬುದ್ಧಿಯ ಬಗ್ಗೆ ಹೆಮ್ಮೆ ಉಕ್ಕಿ ಬಂತು.

ಆಮೇಲೆ ಕಾರ್ಡಿನಲ್ಲಿ ನೋಡಿದೆ. ಖಾಲಿ.

ಯಂತ್ರದಲ್ಲಿ ನೋಡಿದೆ. ಅಲ್ಲೂ ಇಲ್ಲ. ಕಾರ್ಡು ತೆಗೆದು ಊದಿ ಮತ್ತೆ ಹಾಕಿದೆ. ಯಂತ್ರವನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದೆ. ಜಡೆಯವಳು ಉದುರಲಿಲ್ಲ. ಕೊನೆಗೆ ನನ್ನ ಆಟದ ಮೇಲೆ ಬೆರಳಿಟ್ಟು, ಆ ಎರಡು ಗುಂಡಿ ಮತ್ತೆ ಮೂಡಿದಾಗ, ಯಂತ್ರವನ್ನು ತೋಳು ಚಾಚಿದಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದಿದೆ. ನಾನು ಒತ್ತಿದ್ದ ಗುಂಡಿಯ ಮೇಲೆ ಇದ್ದದ್ದು ‘ಉ’ ಅಲ್ಲ. ‘ಅ’.

ಅಳಿಸು.

ಮತ್ತೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳೋಣವೆಂದರೆ, ಆಟ ಬರುತ್ತದೆ, ಆದರೆ ಜಡೆಯವಳು ಮತ್ತೆ ಮೊದಲಿನಿಂದ ಗುಹೆಯಲ್ಲಿ ಕಣ್ಣುಬಿಟ್ಟು ‘ನಾನ್ಯಾರು?’ ಅನ್ನುತ್ತಾಳೆ. ಅಳಿಸಿದ್ದನ್ನು ಇಳಿಸಬಹುದು, ಇಳಿಸಿದ್ದನ್ನು ಉಳಿಸಬಹುದು, ಆದರೆ ಉಳಿಸದೆ ಅಳಿಸಿದ್ದು ಅಳಿದೇ ಹೋಯಿತು!

ಅಷ್ಟರಲ್ಲಿ ಫೋನ್. ಹೆಂಡತಿ.

“ಏನ್ರೀ, ಆಯ್ತಾ?”

“ಆಯ್ತು! ಪೂರ್ತಿ ಆಗಿಹೋಯ್ತು!”

“ನನ್ನ ಆಟ?”

“ನಿನ್ನ ಆಟಕ್ಕೆ ಇನ್ನು ಜಾಗದ ಚಿಂತೆಯೇ ಇಲ್ಲ!”

“ಅಬ್ಬಾ, ಪರವಾಗಿಲ್ವೇ! ಸುಮ್ಮನೆ ಅನುಮಾನ ಪಟ್ಟೆ ನಿಮ್ಮ ಮೇಲೆ. ಬರ್ತಾ ಕೇಕ್ ತರ್ತೀನಿ,” ಎಂದು ಫೋನಿಟ್ಟಳು.

ಬೈದಿದ್ದರೆ ಆಗಲೇ ನಿಜ ಹೇಳಿಬಿಡುತ್ತಿದ್ದೆ. ಹೊಗಳಿ, ಮೇಲೆ ಕೇಕ್ ತರುತ್ತೇನೆ ಅಂದಳಲ್ಲ, ಅದು ನನ್ನನ್ನು ಹಾಳು ಮಾಡಿತು. ಕೇಕಿನ ಋಣಕ್ಕೆ ಬಿದ್ದ ನನ್ನ ತಲೆಯಲ್ಲಿ ಆಗ ಹೊಳೆಯಿತು ಆ ಮಹಾ ಉಪಾಯ. ಅವಳ ಆಟ ಇಲ್ಲದಿದ್ದರೇನು? ನನ್ನ ಆಟ ಇದೆ. ಮೀಸೆಯವನನ್ನೇ ಜಡೆಯವಳನ್ನಾಗಿ ಮಾಡಿಬಿಟ್ಟರೆ?

ಬೆಳಿಗ್ಗೆ ತಾನೇ ಆಕಾಶ-ಭೂಮಿ ಎಂದು ಕೂಗಾಡಿದವನು, ಮಧ್ಯಾಹ್ನ ಆಕಾಶವನ್ನು ಎಳೆದು ಭೂಮಿಗೆ ಹೊಲಿಯಲು ಕೂತೆ. ಅತ್ತೆಯ ಕಣ್ಣಿಗೆ ಬೀಳಬಾರದೆಂದು ಬಚ್ಚಲುಮನೆ ಹೊಕ್ಕು ಚಿಲಕ ಹಾಕಿಕೊಂಡೆ. ಬಕೆಟ್ ಬೋರಲು ಹಾಕಿ ಅದರ ಮೇಲೆ ಆಸೀನನಾದೆ. ಮೊದಲು ಕ್ಷೌರದ ಅಂಗಡಿ. ಬೆಳೆಸಿ, ಎಣ್ಣೆ ಹಚ್ಚಿ, ನನ್ನದಕ್ಕಿಂತ ಚೆನ್ನಾಗಿ ಸಾಕಿದ್ದ ಮೀಸೆ! ಕ್ಷೌರಿಕ ಒಂದೇ ಏಟಿಗೆ ತೆಗೆದ. ನನಗರಿವಿಲ್ಲದೆ ನನ್ನ ಕೈ ನನ್ನ ಮೂಗಿನ ಕೆಳಗೆ ಹೋಯಿತು. ಆಮೇಲೆ ಜಡೆ.

“ಉದ್ದ ಜಡೆ ಬೇಕು... ಇನ್ನೂ ಉದ್ದ... ಆ, ಹಾಗೆ!” ಎಂದು ಗೊಣಗುತ್ತಿದ್ದೆ. ಬಾಗಿಲು ಬಡಿದ ಸದ್ದು.

“ಅಳಿಯಂದ್ರೇ, ಆಗಿನಿಂದ ಒಳಗಿದ್ದೀರಿ. ಹೊಟ್ಟೆ ಸರಿ ಇಲ್ವಾ?”

“ಹೂಂ ಅತ್ತೆ, ಸ್ವಲ್ಪ...”

“ಅದಕ್ಕೆ ಜಡೆ ಯಾಕೆ?”

“ಜಡೆ ಅಲ್ಲ ಅತ್ತೆ... ತಡೆ! ತಡೀರಿ ಅಂದೆ!”

“ನಾನು ತಡೀತೀನಪ್ಪ, ನೀವು ತಡ್ಕೋಬೇಡಿ. ಹೊರಗೆ ಬಂದು ಬಿಸಿನೀರು ಕುಡೀರಿ,” ಎಂದು ಮಂಡಿ ಹಿಡಿದುಕೊಂಡು ಹೋದರು.

ಕತ್ತಿ ಕಳಚಿ ಬಿಲ್ಲು ಕೊಟ್ಟೆ. ಕೆಂಪು ಮೇಲಂಗಿಯನ್ನು ಬಣ್ಣದ ಅಂಗಡಿಯಲ್ಲಿ ಅದ್ದಿಸಿ ಹಸಿರು ಮಾಡಿಸಿದೆ. ಮರಿಯಿಂದ ಸಾಕಿದ್ದ ಕರಿ ಕುದುರೆಯನ್ನು ಲಾಯದಲ್ಲಿ ಬಿಟ್ಟು, ಕಣ್ಣೊರೆಸಿಕೊಂಡು, ಒಂದು ಬಿಳಿ ಕುದುರೆ ಏರಿಸಿದೆ. ನಿಜ ಹೇಳಲೇ? ಇದಕ್ಕೆಲ್ಲ ಹೆಚ್ಚು ಹೊತ್ತೇ ಹಿಡಿಯಲಿಲ್ಲ. ಅವಳ ಆಟದಲ್ಲಿದ್ದ ಪ್ರತಿಯೊಂದೂ ನನ್ನ ಆಟದಲ್ಲೂ ಇತ್ತು. ಆ ಮೇಲಂಗಿಗೆ ಅದೇ ಗುಂಡಿ. ಆ ಕುದುರೆಗೆ ಅದೇ ಕೆನೆತ. ನನಗೆ ಒಳಗೊಳಗೇ ಅವಮಾನವಾಯಿತು, ಆದರೆ ಇದು ಅವಮಾನಪಡುವ ಸಮಯವಲ್ಲ ಎಂದು ಅದನ್ನು ಮುಂದಕ್ಕೆ ಹಾಕಿದೆ.

ಸಂಜೆ ಹೆಂಡತಿ ಕೇಕ್ ಸಮೇತ ಬಂದಳು. ನಾನು ಹಾಲ್‌ನ ದೀಪಗಳನ್ನೆಲ್ಲ ಆರಿಸಿ, ಮೂಲೆಯ ಒಂದು ಸಣ್ಣ ದೀಪ ಮಾತ್ರ ಉಳಿಸಿದ್ದೆ. ಆ ದಿನ ನಾನು ಸರಿಯಾಗಿ ಉಳಿಸಿದ್ದು ಅದೊಂದೇ.

“ಇದೇನು ಕತ್ತಲೆ?”

“ಕೊನೇ ಅಧ್ಯಾಯ ಅಲ್ವಾ? ಸಿನಿಮಾ ಥರ ಇರ್ಲಿ ಅಂತ.”

ಅವಳು ಕಾಲು ಮಡಚಿ ಕೂತಳು. ಅತ್ತೆ ಬಟಾಣಿ ಪಕ್ಕಕ್ಕಿಟ್ಟು ಕೈ ಜೋಡಿಸಿ ಕೂತರು. ನಾನು ಕೇಕಿನ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತೆ, ಓಡಲು ಅನುಕೂಲವಾಗಲಿ ಎಂದು. ಪರದೆಯ ಮೇಲೆ ನನ್ನ ಜಡೆಯವಳು, ಅಂದರೆ ಮೀಸೆಯವನು, ಪ್ರತ್ಯಕ್ಷವಾದಳು, ಅಂದರೆ ಪ್ರತ್ಯಕ್ಷನಾದ.

“ಜಡೆ ಯಾಕೆ ಎಡಗಡೆಗೆ ಬಂದಿದೆ?” ಅಂದಳು ಹೆಂಡತಿ.

“ಗಾಳಿ.”

“ಕುದುರೆ ದಪ್ಪ ಆದ ಹಾಗಿದೆಯಲ್ಲ?”

“ನಿನ್ನೆಯಿಂದ ನಿಂತೇ ಇದೆಯಲ್ಲ, ಮೈ ಬಂದಿದೆ.”

“ಭುಜ ನೋಡ್ರೀ, ಪೈಲ್ವಾನನ ಥರ!”

“ದಿನಾ ಬಿಲ್ಲು ಎಳೆದೂ ಎಳೆದೂ...”

ಉರಿಯುವ ಅರಮನೆ ಎಲ್ಲಿ ಅಂದದ್ದಕ್ಕೆ, ಹೊಸ ಕಾರ್ಡು ಸ್ವಲ್ಪ ಹಿಂದಿನಿಂದ ಶುರುಮಾಡಿದೆ ಅಂದೆ. ಅವಳು ಕುದುರೆಯನ್ನು ಓಡಿಸಿದಳು. ಗುಂಡಿಗಳು ಅವೇ. ಏಟು ಅದೇ, ನೆಗೆತ ಅದೇ. ಸೇತುವೆ ದಾಟಿದಳು. ಕಾವಲುಗಾರರನ್ನು ಕೆಡವಿದಳು. ಒಮ್ಮೆಯೂ ತಡವರಿಸಲಿಲ್ಲ. ನನ್ನ ಸ್ಥಿತಿ ನೋಡಿ: ಅವಳು ಗುರುತು ಹಿಡಿಯದಿದ್ದರೆ ನಾನು ಬದುಕಿದೆ, ಆದರೆ ವಾದದಲ್ಲಿ ಸತ್ತೆ. ಗುರುತು ಹಿಡಿದರೆ ವಾದ ಗೆದ್ದೆ, ಆದರೆ ಮನೆಯಲ್ಲಿ ಸತ್ತೆ! ಒಟ್ಟಿನಲ್ಲಿ ಸಾವು ತಪ್ಪಿದ್ದಲ್ಲ.

ಕೋಟೆಯ ಬಾಗಿಲ ಹತ್ತಿರ ಕುದುರೆ ನಿಲ್ಲಿಸಿ ಅವಳು ಕೂಗುವ ಗುಂಡಿ ಒತ್ತಿದಳು. ಜಡೆಯವಳು ಬಾಯಿ ತೆರೆದು, ಬಾವಿಯೊಳಗಿಂದ ಬಂದ ಗಡಸು ಗಂಡುದನಿಯಲ್ಲಿ, “ಹೋಯ್! ಬಾಗಿಲು ತೆಗೀರೋ!” ಎಂದು ಗುಡುಗಿದಳು.

ಹೆಂಡತಿ ಟಿವಿಯ ಹತ್ತಿರಕ್ಕೆ ಬಾಗಿದಳು.

“ನೆಗಡಿ,” ಅಂದೆ ನಾನು. “ಪಾಪ, ಎಷ್ಟು ದಿನದಿಂದ ಮಂಜಿನಲ್ಲಿ ಅಲೀತಿದ್ದಾಳೆ.”

“ಅಯ್ಯೋ, ಹೌದಲ್ಲ. ಕಿವಿಗೆ ಒಂದು ಬಟ್ಟೆನಾದ್ರೂ ಕಟ್ಕೋಬಾರ್ದಾ ಹುಡುಗಿ,” ಎಂದು ಅತ್ತೆ ಮರುಗಿದರು. ಆ ಕ್ಷಣ ಅತ್ತೆಯ ಕಾಲಿಗೆ ಬೀಳೋಣ ಅನ್ನಿಸಿತು.

ಹೆಂಡತಿ ನನ್ನತ್ತ ತಿರುಗಿ ಒಂದು ಸಲ ನೋಡಿದಳು. ಆದರೆ ಅಷ್ಟರಲ್ಲಿ ಕೋಟೆಯ ಬಾಗಿಲು ತೆರೆಯಿತು. ಒಳಗಿನ ಕತ್ತಲೆಯಿಂದ ಒಂದು ಹುಡುಗಿ ಓಡಿ ಬಂದಳು. ಸಂಗೀತ ಏರಿತು. ಹುಡುಗಿ ಎರಡೂ ಕೈ ಚಾಚಿ, ನಮ್ಮ ಜಡೆಯವಳನ್ನು ತಬ್ಬಿಕೊಂಡು, ಕೋಟೆ ನಡುಗುವ ಹಾಗೆ ಕೂಗಿದಳು:

“ಅಣ್ಣಾ!”

ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಮುಖವನ್ನು ಮೇಲೆ ಕೆಳಗೆ ನೋಡಿ, “ಅಣ್ಣಾ, ನಿನ್ನ ಮೀಸೆ ಎಲ್ಲಿ?” ಅಂದಳು.

ನೆನಪಿದೆಯೇ? ನನ್ನ ಆಟದ ಜನಕ್ಕೆ ಕಣ್ಣಿದೆ! ಇಡೀ ಜಗತ್ತಿನಲ್ಲಿ ನಾನು ಗೆದ್ದಿದ್ದ ಏಕೈಕ ವ್ಯತ್ಯಾಸ ಓಡಿ ಬಂದು ನನ್ನ ಕುತ್ತಿಗೆ ಹಿಡಿದಿತ್ತು.

ಅತ್ತೆ ಮಾತ್ರ ಬೇರೆಯೇ ಲೋಕದಲ್ಲಿದ್ದರು. ಕಣ್ಣಿಂದ ನೀರು ಧಾರಾಕಾರ. “ಸಿಕ್ಕಿಬಿಟ್ಟ! ಕೊನೆಗೂ ಸಿಕ್ಕಿಬಿಟ್ಟ! ಮೀಸೆ ಬೋಳಿಸಿ, ಜಡೆ ಹಾಕ್ಕೊಂಡು, ಹೆಣ್ಣುವೇಷದಲ್ಲಿ ಕೋಟೆಗೆ ನುಗ್ಗಿದ್ದಾನೆ ನೋಡು! ತಂಗಿಗೋಸ್ಕರ! ಎಂಥಾ ಅಣ್ಣನಪ್ಪ!”

“ಅಮ್ಮಾ, ಸ್ವಲ್ಪ ಇರು,” ಅಂದಳು ಹೆಂಡತಿ. ಅವಳ ದನಿ ಬಹಳ ಶಾಂತವಾಗಿತ್ತು. “ರೀ, ನನ್ನ ಹುಡುಗಿಗೆ ಯಾವತ್ತು ಮೀಸೆ ಇತ್ತು?”

ಕೇಕಿನ ತಟ್ಟೆ ಕೆಳಗಿಟ್ಟು, ನಾನು ಎಲ್ಲವನ್ನೂ ಹೇಳಿದೆ. ಕಾರ್ಡು, ಗುಂಡಿ, ಬಕೆಟ್ಟು, ಕ್ಷೌರಿಕ, ಯಾವುದನ್ನೂ ಬಿಡಲಿಲ್ಲ.

ಅವಳು ಕಿರುಚುತ್ತಾಳೆ ಅಂದುಕೊಂಡಿದ್ದೆ. ಕಿರುಚಲಿಲ್ಲ. ಕೈಯಲ್ಲಿದ್ದ ಆಟದ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು, “ಇನ್ನೊಂದೇ ಬಾಗಿಲು ಇತ್ತು ರೀ,” ಅಂದಳು ಅಷ್ಟೇ. ಕಣ್ಣಿನಲ್ಲಿ ನೀರು ತುಂಬಿತ್ತು. ಆಗ ನನಗೆ ಆದ ಸಂಕಟಕ್ಕೆ ಮೀಸೆ ಯಾಕೆ, ಮೂಗೇ ಕತ್ತರಿಸಿಕೊಳ್ಳಬಹುದಾಗಿತ್ತು.

ಅತ್ತೆ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. “ಅಂದ್ರೆ ಜಡೆಯವಳು?”

“ಇಲ್ಲಮ್ಮಾ. ಇವರು ಅಳಿಸಿಬಿಟ್ರು.”

ಅತ್ತೆ ಸೆಟೆದು ಕೂತರು. ಮಂಡಿನೋವು ಎಲ್ಲಿ ಹೋಯಿತೋ! “ಅಳಿಯಂದ್ರೇ! ನನ್ನ ಮಗಳನ್ನ ಅಳಿಸ್ಬೇಡಿ ಅಂತ ಮದುವೆ ದಿನಾನೇ ಕೈ ಹಿಡಿದು ಹೇಳಿದ್ದೆ. ನೀವು ಅವಳ ಆಟಾನ ಅಳಿಸಿ, ಅವಳನ್ನೂ ಅಳಿಸಿದ್ರಾ? ಅಳಿಯ ಅಂದ್ರೆ ಅಳಿಸೋನು ಅಂತಾನಾ ಅರ್ಥ?”

ಪ್ರೂಫ್ ನೋಡುವವನಾಗಿ ಆ ವ್ಯುತ್ಪತ್ತಿಯನ್ನು ತಿದ್ದಬಹುದಿತ್ತು. ತಿದ್ದಲಿಲ್ಲ.

“ನಾನು ‘ಉಳಿಸು’ ಅಂತಾನೇ ಓದಿದ್ದು, ದೇವರಾಣೆ,” ಅಂದೆ.

ಹೆಂಡತಿ ಕಣ್ಣೊರೆಸಿಕೊಂಡು ಎದ್ದಳು. ಯಂತ್ರವನ್ನು ಟಿವಿಯಿಂದ ಬಿಡಿಸಿ, ಆ ಎರಡು ಗುಂಡಿ ತೆರೆದು, ನನ್ನ ಮೂಗಿನ ಮುಂದೆ ಹಿಡಿದು, ದೀಪಗಳನ್ನೆಲ್ಲ ಹಾಕಿದಳು. “ಓದಿ.”

ಓದಲು ತಲೆ ಹಿಂದಕ್ಕೆ ಎಳೆದೆ. ಅವಳು ಯಂತ್ರವನ್ನು ಮುಂದಕ್ಕೆ ತಂದಳು. ಇನ್ನೂ ಹಿಂದಕ್ಕೆ ಹೋದೆ. ಅವಳು ಇನ್ನೂ ಮುಂದಕ್ಕೆ ಬಂದಳು. ಕೊನೆಗೆ ನನ್ನ ತಲೆ ಗೋಡೆಗೆ ತಾಗಿತು.

“ಮಂಚ ಮಂಗ ಆದಾಗಲೇ ನಾನು ನಿಮ್ಮನ್ನ ಎಳ್ಕೊಂಡು ಹೋಗ್ಬೇಕಿತ್ತು,” ಅಂದಳು ಹೆಂಡತಿ. ಸಿಟ್ಟಿನ ನಡುವೆಯೂ ಅವಳ ತುಟಿಯ ತುದಿಯಲ್ಲಿ ನಗು ಇಣುಕಿದ್ದು ನನಗೆ ಕಂಡಿತು. ದೂರದ್ದು ನನಗೆ ಚೆನ್ನಾಗಿಯೇ ಕಾಣುತ್ತದೆ.

ಶಿಕ್ಷೆ ಅಲ್ಲೇ ಪ್ರಕಟವಾಯಿತು. ಅವಳ ಆಟವನ್ನು ನಾನು ಮತ್ತೆ ಇಳಿಸಿಕೊಂಡು, ಗುಹೆಯಿಂದ ಶುರುಮಾಡಿ, ಜಡೆಯವಳನ್ನು ಆ ಕೊನೆಯ ಬಾಗಿಲ ತನಕ ನಡೆಸಿ ತಂದು ನಿಲ್ಲಿಸಬೇಕು. ಬಾಗಿಲು ತೆರೆಯುವವಳು ಮಾತ್ರ ಅವಳು. ಅತ್ತೆ ಮಗನಿಗೆ ಫೋನ್ ಮಾಡಿ, ಜಡೆಯವಳು ಬರುವ ತನಕ ತಾನು ಬರುವುದಿಲ್ಲ ಎಂದು ತಿಳಿಸಿದರು. ಯಾರಪ್ಪ ಅದು ಜಡೆಯವಳು ಎಂದು ಅವನು ಇನ್ನೂ ಗಾಬರಿಯಲ್ಲಿದ್ದಾನೆ.

ಮರುದಿನ ಅಂಗಡಿಗೆ ರಜೆ. ಆದರೂ ಹೆಂಡತಿ ಬೀಗ ತೆಗೆದು ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಆ ಎತ್ತರದ ಕುರ್ಚಿಯಲ್ಲಿ ಕೂರಿಸಿದಳು. ಮೂಗಿನ ಮೇಲೆ ಒಂದು ಭಾರದ ಚೌಕಟ್ಟು ಏರಿಸಿದಳು. ಅತ್ತೆ, ಇಂಥ ನೋಟ ತಪ್ಪಿಸಿಕೊಳ್ಳುವುದುಂಟೇ, ಜೊತೆಗೇ ಬಂದು ಬೆಂಚಿನ ಮೇಲೆ ಕೂತಿದ್ದರು. ನನ್ನ ಕೈಯಲ್ಲಿ ಸಣ್ಣಕ್ಷರದ ಒಂದು ಹಾಳೆ.

“ಇದು ಚೆನ್ನಾಗಿ ಕಾಣುತ್ತಾ...” ಟಕ್ಕನೆ ಗಾಜು ಬದಲಾಯಿತು. “ಇದಾ?”

“ಎರಡನೇದು.”

“ಇದಾ... ಇದಾ?”

“ಮೊದಲನೇದು.”

ಟಕ್, ಟಕ್. ಇರುವೆ ಸಾಲು ಮೆಲ್ಲಗೆ ಅಕ್ಷರವಾಯಿತು. ‘ಅ’ ಎಂಬುದು ‘ಅ’ ಆಗಿಯೇ ಕಂಡಿತು, ‘ಉ’ ತನ್ನ ಪಾಡಿಗೆ ತಾನು ‘ಉ’ ಆಯಿತು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಹಾಳೆಯನ್ನು ಮೊದಲಿಂದ ಕೊನೆಯ ತನಕ ಜೋರಾಗಿ ಓದಿಬಿಟ್ಟೆ. ಅದರಲ್ಲಿ ಒಂದು ಅಲ್ಪವಿರಾಮ ತಪ್ಪಿತ್ತು, ಅದನ್ನೂ ಹೇಳಿದೆ.

“ಕೊನೇದು. ಚೆನ್ನಾಗಿ ನೋಡಿ, ಸುಳ್ಳು ಹೇಳಿದ್ರೆ ತಪ್ಪು ಕನ್ನಡಕ ಬರುತ್ತೆ. ಇದಾ...” ಟಕ್. “ಇದಾ?”

ನೋಡಿದೆ. ಇನ್ನೊಮ್ಮೆ ಹಾಕು ಅಂದೆ. ಹಾಕಿದಳು. ಮತ್ತೆ ನೋಡಿದೆ. ಕೂದಲೆಳೆಯ ವ್ಯತ್ಯಾಸ ಹಿಡಿಯುವ ನನಗೆ ಕೂದಲೂ ಸಿಗಲಿಲ್ಲ, ಎಳೆಯೂ ಸಿಗಲಿಲ್ಲ. ವೃತ್ತಿಧರ್ಮ ಬಿಡುವ ಹಾಗಿಲ್ಲ. ಪ್ರಾಮಾಣಿಕವಾಗಿ ಹೇಳಿದೆ:

“ಎರಡೂ ಒಂದೇ.”

ಟಕ್ ಸದ್ದು ನಿಂತಿತು.

“ಅಂದ್ರು! ಅಂದ್ರು! ನನ್ನ ಕಿವಿಯಾರೆ ಕೇಳ್ದೆ!” ಎಂದು ಬೆಂಚಿನಿಂದ ಅತ್ತೆ ಚಪ್ಪಾಳೆ ತಟ್ಟಿದರು.

“ಇದು ಗಾಜಿನ ಮಾತು! ಆಟದ ಮಾತಲ್ಲ!” ಎಂದು ನಾನು ಮೀಸೆಗೆ ಕೈ ಅಡ್ಡ ಹಿಡಿದೆ.

“ಗಾಜು, ಆಟ ಅಂತ ನಿಮ್ಮ ಶಪಥದಲ್ಲಿ ಇರ್ಲಿಲ್ಲ. ‘ಬಾಯಿಂದ ಬಂದ ದಿನ’ ಅಂತ ಇತ್ತು,” ಅಂದಳು ಹೆಂಡತಿ, ಗಾಜುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯೊಳಗೆ ಜೋಡಿಸುತ್ತಾ. “ಆದ್ರೂ ನಿಮಗೆ ಒಂದು ದಿನ ವಾಯಿದೆ ಕೊಡ್ತೀನಿ. ಕನ್ನಡಕ ನಾಳೆ ಬರುತ್ತೆ, ಅದನ್ನ ಹಾಕ್ಕೊಂಡೇ ಮೀಸೆ ಬೋಳಿಸ್ಕೊಳ್ಳಿ. ಇಲ್ದಿದ್ರೆ ಮೂಗು ಉಳಿಸೋಕೆ ಹೋಗಿ ಅದನ್ನೂ ಅಳಿಸ್ಕೊಂಡು ಬರ್ತೀರಿ!”